ಬಚ್ಚಲಿಗೆ ಗ್ಯಾಸ್ ಗೀಸರ್ ಸರಿಯೋ, ಕರೆಂಟ್ ಸರಿಯೋ, ಸೋಲಾರ್ ಸರಿಯೋ? ದಾವಣಗೆರೆ–ಚಿತ್ರದುರ್ಗದ ಮನೆಗಳಿಗೆ ಒಂದು ಹೋಲಿಕೆ

ಹೊಸ ಮನೆಯ ಪ್ಲಂಬಿಂಗ್ ಕೆಲಸ ಮುಗಿಯುತ್ತ ಬಂದಾಗ, ಸ್ನಾನದ ನೀರನ್ನು ಯಾವುದರಿಂದ ಕಾಯಿಸಿಕೊಳ್ಳಬೇಕು ಎಂಬ ಪ್ರಶ್ನೆ ಪ್ರತಿ ಮನೆಯಲ್ಲೂ ಏಳುತ್ತದೆ. ಹೆಚ್ಚಿನವರು ಅಂಗಡಿಗೆ ಹೋಗಿ, ಬೆಲೆ ಮತ್ತು ವಾರಂಟಿ ಕೇಳಿ, ಅಲ್ಲಿಯೇ ತೀರ್ಮಾನ ಮಾಡಿಬಿಡುತ್ತಾರೆ. ಅಂಗಡಿಗೆ ಹೋಗುವ ಮೊದಲು ಬಚ್ಚಲ ಮನೆಯ ಬಾಗಿಲಲ್ಲಿ ನಿಂತು ನೋಡಬೇಕಾದ ನಾಲ್ಕು ಸಂಗತಿಗಳಿವೆ: ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಹೊರಗೋಡೆ ಯಾವುದು, ತಾರಸಿಯ ಮೇಲಿನ ಟ್ಯಾಂಕು ಎಷ್ಟು ಎತ್ತರದಲ್ಲಿದೆ, ನಲ್ಲಿಯಲ್ಲಿ ಬರುವುದು ಹೊಳೆಯ ನೀರೋ ಬೋರಿನ ನೀರೋ. ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಯಾವ ಗೀಸರ್ ತರಬೇಕೆಂಬುದು ಬಹುಮಟ್ಟಿಗೆ ತಾನಾಗಿಯೇ ನಿರ್ಧಾರವಾಗುತ್ತದೆ. ಬೆಲೆಯ ವಿಚಾರ ಅದರ ನಂತರದ್ದು.

ಗ್ಯಾಸ್ ಗೀಸರಿನ ಬಲ ಮತ್ತು ಅದರ ಒಂದೇ ದೊಡ್ಡ ಅಪಾಯ

ಗ್ಯಾಸ್ ಗೀಸರನ್ನು ಜನ ಇಷ್ಟಪಡುವುದಕ್ಕೆ ನ್ಯಾಯವಾದ ಕಾರಣಗಳಿವೆ. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ 6 ಲೀಟರ್ ಮಾದರಿ ಎಂದರೆ, ಅದು ಒಂದು ನಿಮಿಷಕ್ಕೆ 6 ಲೀಟರ್ ನೀರಿನ ಬಿಸಿಯನ್ನು ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಬಲ್ಲದು ಎಂದರ್ಥ. ಚಳಿಗಾಲದ ಬೆಳಿಗ್ಗೆ ಟ್ಯಾಂಕಿನ ನೀರು 20 ಡಿಗ್ರಿ ಇದೆ, ಸ್ನಾನಕ್ಕೆ 42 ಡಿಗ್ರಿ ಬೇಕು ಎಂದಿಟ್ಟುಕೊಂಡರೆ, 20 ಲೀಟರಿನ ಬಕೆಟ್ಟು ಮೂರು ನಾಲ್ಕು ನಿಮಿಷಗಳಲ್ಲಿ ತುಂಬುತ್ತದೆ. ಐದಾರು ಮಂದಿ ಒಬ್ಬರ ಹಿಂದೊಬ್ಬರು ಸ್ನಾನ ಮಾಡಿದರೂ ನೀರು ತಣ್ಣಗಾಯಿತು ಎನ್ನುವ ಮಾತೇ ಬರುವುದಿಲ್ಲ. ಕಿಡಿ ಹೊತ್ತಿಸುವುದಕ್ಕೆ ಎರಡು ದೊಡ್ಡ ಸೆಲ್ಲುಗಳು ಸಾಕಾಗುವುದರಿಂದ ಕರೆಂಟು ಹೋದ ಹೊತ್ತಿನಲ್ಲೂ ಕೆಲಸ ನಿಲ್ಲುವುದಿಲ್ಲ.

ಆದರೆ ಬೆಂಕಿಗೆ ಗಾಳಿ ಬೇಕು, ಮತ್ತು ಎಷ್ಟು ಗಾಳಿ ಬೇಕು ಎಂಬುದನ್ನು ಬಹಳ ಜನ ಯೋಚಿಸಿರುವುದಿಲ್ಲ. ಒಂದು ಕಿಲೋ ಅಡುಗೆ ಅನಿಲ ಪೂರ್ತಿಯಾಗಿ ಉರಿಯಲು ಸುಮಾರು 12ರಿಂದ 13 ಘನ ಮೀಟರ್ ಗಾಳಿ ಬೇಕು. 6 ಲೀಟರಿನ ಗೀಸರ್ ಪೂರ್ಣ ಜ್ವಾಲೆಯಲ್ಲಿ ಗಂಟೆಗೆ ಹತ್ತಿರ ಹತ್ತಿರ ಒಂದು ಕಿಲೋ ಅನಿಲವನ್ನು ಉರಿಸುತ್ತದೆ. ಈಗ 30–40 ಅಳತೆಯ ನಿವೇಶನದಲ್ಲಿ ಕಟ್ಟಿದ ಮನೆಯೊಂದರ ಅಟ್ಯಾಚ್ಡ್ ಬಾತ್‌ರೂಮನ್ನು ಕಣ್ಣ ಮುಂದೆ ತಂದುಕೊಳ್ಳಿ. ಐದು ಅಡಿ ಅಗಲ, ಏಳು ಅಡಿ ಉದ್ದ, ಎಂಟು ಅಡಿ ಎತ್ತರ. ಸೊಳ್ಳೆ ಬರುತ್ತದೆಂದು ವೆಂಟಿಲೇಟರಿಗೆ ಗಾಜು ಕೂರಿಸಿದ್ದಾರೆ, ಚಳಿಗೆಂದು ಬಾಗಿಲ ಕೆಳಗಿನ ಸಂದಿಗೆ ಬಟ್ಟೆ ತುರುಕಿದ್ದಾರೆ. ಆ ಕೋಣೆಯಲ್ಲಿ ಇರುವುದು ಒಟ್ಟು 8 ಘನ ಮೀಟರ್ ಗಾಳಿ. ಗೀಸರ್ 20 ನಿಮಿಷ ಉರಿದರೆ ಅದರಲ್ಲಿ ಸುಮಾರು 4 ಘನ ಮೀಟರ್ ಗಾಳಿಯ ಆಮ್ಲಜನಕ ಬೇಕಾಗುತ್ತದೆ. ಅಂದರೆ ಅರ್ಧ ಕೋಣೆ. ಆದರೆ ಅಷ್ಟಾಗುವುದಕ್ಕೆ ಬಹಳ ಮೊದಲೇ ಆಮ್ಲಜನಕ ಸಾಲದೆ ಅನಿಲ ಅರೆಬರೆ ಉರಿಯತೊಡಗುತ್ತದೆ, ಮತ್ತು ಹಾಗೆ ಉರಿದಾಗ ಹುಟ್ಟುವುದು ಕಾರ್ಬನ್ ಮೊನಾಕ್ಸೈಡ್.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರಿನ ಗ್ಯಾಸ್ ಸೋರಿದರೆ ಮೂಗಿಗೆ ತಿಳಿಯಲೆಂದು ಅದರಲ್ಲಿ ದುರ್ವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ. ಉರಿದು ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಅಂಥ ಯಾವ ಎಚ್ಚರಿಕೆಯೂ ಇಲ್ಲ. ರಕ್ತದಲ್ಲಿರುವ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದಕ್ಕೆ ಅಂಟಿಕೊಳ್ಳುವುದರಿಂದ, ಉಸಿರಾಡುತ್ತಿದ್ದರೂ ಮೈಗೆ ಆಮ್ಲಜನಕ ತಲುಪದ ಸ್ಥಿತಿ ಬರುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಕಾಲು ಸೋಲುವುದು, ಆಮೇಲೆ ಎಚ್ಚರ ತಪ್ಪುವುದು. ಒಳಗಿನಿಂದ ಚಿಲಕ ಹಾಕಿಕೊಂಡವರು ಚಿಲಕ ತೆಗೆಯುವ ಶಕ್ತಿಯನ್ನೂ ಕಳೆದುಕೊಳ್ಳುತ್ತಾರೆ. ಸ್ನಾನಕ್ಕೆ ಹೋದ ಮಕ್ಕಳೋ ಬಾಣಂತಿಯೋ ಹೀಗೆ ಕುಸಿದ ಸುದ್ದಿ ಚಳಿಗಾಲದಲ್ಲಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ, ಮತ್ತು ಪ್ರತಿಯೊಂದೂ ತಪ್ಪಿಸಬಹುದಾಗಿದ್ದ ಸಾವೇ ಎಂಬುದು ನನಗೆ ತುಂಬ ಸಂಕಟ ಕೊಡುವ ಸಂಗತಿ.

ಹಾಗಾಗಿ ನನ್ನ ಮಾತು ಸ್ಪಷ್ಟವಾಗಿದೆ. ಗ್ಯಾಸ್ ಗೀಸರನ್ನು ಬಚ್ಚಲ ಮನೆಯ ಹೊರಗೆ, ತೆರೆದ ಗಾಳಿಯ ಜಾಗದಲ್ಲಿ ಕೂರಿಸಲು ಸಾಧ್ಯವಿದ್ದರೆ ಮಾತ್ರ ಕೊಳ್ಳಿ. ಸಾಧ್ಯವಿಲ್ಲದಿದ್ದರೆ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಎಂದು ಕೆಲವರು ಹೇಳುತ್ತಾರೆ. ಆ ಫ್ಯಾನ್ ತಿರುಗುವುದು ಕರೆಂಟಿನಿಂದ, ಮತ್ತು ಗ್ಯಾಸ್ ಗೀಸರ್ ಬೇಕೆನಿಸುವುದೇ ಕರೆಂಟ್ ಹೋದಾಗ. ಹೊಸ ಮಾದರಿಗಳಲ್ಲಿ 20 ನಿಮಿಷಕ್ಕೆ ತಾನೇ ಆರುವ ಟೈಮರ್, ಆಮ್ಲಜನಕ ಕಡಿಮೆಯಾದರೆ ಅನಿಲ ನಿಲ್ಲಿಸುವ ಸೆನ್ಸರ್, ಜ್ವಾಲೆ ಆರಿದರೆ ಕವಾಟ ಮುಚ್ಚುವ ಸಾಧನ ಇವೆ, ಇರಲೇಬೇಕು. ಆದರೂ ಮೇಲಿನ ಲೆಕ್ಕವನ್ನು ನೋಡಿದವರಿಗೆ 20 ನಿಮಿಷದ ಟೈಮರನ್ನು ನಂಬಿ ಗೀಸರನ್ನು ಒಳಗೆ ಕೂರಿಸಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಹೊರಗೆ ಕೂರಿಸುವಾಗಿನ ವಿವರ

ಹಿತ್ತಲ ಕಡೆಯ ಯುಟಿಲಿಟಿ, ಬಟ್ಟೆ ಒಗೆಯುವ ಜಾಗ, ಇಲ್ಲವೇ ಬಚ್ಚಲಿನ ಹೊರಗೋಡೆಯ ಸಜ್ಜಾ ಕೆಳಗೆ, ಇವು ಯೋಗ್ಯವಾದ ಜಾಗಗಳು. ಬಿಸಿನೀರಿನ ಪೈಪು ಗೋಡೆ ದಾಟಿ ಒಳಗೆ ಬಂದರೆ ಸಾಕು. ಪೈಪಿನ ಉದ್ದ ಕಡಿಮೆಯಿದ್ದಷ್ಟೂ ಒಳ್ಳೆಯದು. ಮಳೆನೀರು ಎರಚದಂತೆ ಮೇಲೆ ಮರೆ ಬೇಕು, ಆದರೆ ಕಳ್ಳರ ಭಯಕ್ಕೆಂದು ಅದನ್ನು ಮರದ ಪೆಟ್ಟಿಗೆಯೊಳಗೆ ಮುಚ್ಚಬಾರದು. ಕಬ್ಬಿಣದ ಗ್ರಿಲ್ ಹಾಕಿಸಿ. ಚಿತ್ರದುರ್ಗದವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಜೋಗಿಮಟ್ಟಿಯ ಸಾಲಿನಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಮುಂಗಾರಿನ ತಿಂಗಳುಗಳಲ್ಲಿ ಪಶ್ಚಿಮದಿಂದ ಬೀಸುವ ಗಾಳಿ ಗೀಸರಿನ ಮುಖಕ್ಕೆ ನೇರವಾಗಿ ಹೊಡೆದರೆ ಜ್ವಾಲೆ ಪದೇ ಪದೇ ಆರುತ್ತದೆ, ಉರಿ ಓಲಾಡಿ ಒಳಗೆಲ್ಲ ಮಸಿ ಹಿಡಿಯುತ್ತದೆ. ಆದಷ್ಟು ಪೂರ್ವ ಅಥವಾ ಉತ್ತರದ ಗೋಡೆಯನ್ನು ಆರಿಸಿಕೊಳ್ಳಿ.

ಟ್ಯಾಂಕಿನ ಎತ್ತರದ ವಿಷಯ ಬಹಳ ಸಲ ಗೀಸರ್ ತಂದ ಮೇಲೆ ಗೊತ್ತಾಗುತ್ತದೆ. ನೀರಿನ ಒತ್ತಡ ತಗುಲಿದಾಗಲೇ ಗ್ಯಾಸ್ ಗೀಸರಿನ ಕವಾಟ ತೆರೆಯುವುದು, ಮತ್ತು ಅದಕ್ಕೆ ಹೆಚ್ಚುಕಡಿಮೆ 0.2 ಬಾರ್, ಅಂದರೆ ಗೀಸರಿಗಿಂತ ಕನಿಷ್ಠ 2 ಮೀಟರ್ ಮೇಲಿನ ನೀರಿನ ಮಟ್ಟ ಬೇಕು. ಒಂದೇ ಅಂತಸ್ತಿನ ಮನೆಯಲ್ಲಿ ಸಿಂಟೆಕ್ಸ್ ಟ್ಯಾಂಕನ್ನು ತಾರಸಿಯ ಮೇಲೆ ನೇರವಾಗಿ ಇಟ್ಟಿದ್ದರೆ, ಟ್ಯಾಂಕು ಅರ್ಧಕ್ಕೆ ಇಳಿದಾಗ ಗೀಸರ್ ಟಿಕ್ ಟಿಕ್ ಎನ್ನುತ್ತದೆ, ಹೊತ್ತುವುದಿಲ್ಲ. ಮೂರು ನಾಲ್ಕು ಅಡಿಯ ಇಟ್ಟಿಗೆ ಕಟ್ಟೆ ಕಟ್ಟಿ ಟ್ಯಾಂಕನ್ನು ಎತ್ತರಿಸಿದರೆ ಈ ತೊಂದರೆ ತಪ್ಪುತ್ತದೆ. ಮನೆ ಕಟ್ಟುವಾಗಲೇ ಮೇಸ್ತ್ರಿಗೆ ಹೇಳಿದರೆ ಖರ್ಚು ಅಲ್ಪ.

ಅಡುಗೆಮನೆಯ ಸಿಲಿಂಡರಿನಿಂದಲೇ ಟಿ ಹಾಕಿ ರಬ್ಬರ್ ಪೈಪನ್ನು ಬಚ್ಚಲವರೆಗೆ ಎಳೆಯುವ ಪದ್ಧತಿ ನಮ್ಮ ಕಡೆ ಇದೆ. ಇದನ್ನು ಮಾಡಬೇಡಿ. ರಬ್ಬರ್ ಹೋಸ್ ಒಂದೂವರೆ ಮೀಟರಿಗಿಂತ ಉದ್ದವಿರಬಾರದು, ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು. ದೂರಕ್ಕೆ ಒಯ್ಯಬೇಕಾದರೆ ಏಜೆನ್ಸಿಯ ಮೆಕ್ಯಾನಿಕ್‌ನಿಂದ ತಾಮ್ರದ ಅಥವಾ ಜಿಐ ಪೈಪ್ ಹಾಕಿಸಿ. ಗೀಸರಿಗೆ ಬೇರೆಯದೇ ಸಿಲಿಂಡರ್ ಇಟ್ಟರೆ ಎಲ್ಲಕ್ಕಿಂತ ಉತ್ತಮ. ಅದನ್ನು ನೆಟ್ಟಗೆ, ನೆಲಮಟ್ಟದಲ್ಲಿ, ಗಾಳಿಯಾಡುವ ಕಡೆ ನಿಲ್ಲಿಸಬೇಕು. ಅಡುಗೆ ಅನಿಲ ಗಾಳಿಗಿಂತ ಭಾರವಾದುದರಿಂದ ಸೋರಿದರೆ ಕೆಳಗೆ ಹರಿದು ತಗ್ಗಿನಲ್ಲಿ, ಚರಂಡಿಯ ಗುಂಡಿಯಲ್ಲಿ ನಿಲ್ಲುತ್ತದೆ. ಪೈಪ್ ಗ್ಯಾಸ್ ಸಂಪರ್ಕವಿರುವ ಬಡಾವಣೆಯವರು ಸಿಲಿಂಡರಿಗೆಂದು ಮಾಡಿದ ಗೀಸರನ್ನು ಹಾಗೆಯೇ ಅದಕ್ಕೆ ಜೋಡಿಸಬಾರದು. ಎರಡರ ಒತ್ತಡ ಬೇರೆ, ಜೆಟ್ಟಿನ ರಂಧ್ರದ ಅಳತೆ ಬೇರೆ. ಕೊಳ್ಳುವಾಗ ಐಎಸ್ 15558 ಸಂಖ್ಯೆಯೊಡನೆ ಐಎಸ್‌ಐ ಗುರುತು ಇದೆಯೇ ಎಂದು ನೋಡಿಕೊಳ್ಳಿ.

ಒಂದು ಬಕೆಟ್ ಬಿಸಿನೀರಿಗೆ ಎಷ್ಟು ಖರ್ಚು

ಜಾಹೀರಾತಿನ ಮಾತನ್ನು ಬದಿಗಿಟ್ಟು ನಾವೇ ಲೆಕ್ಕ ಹಾಕೋಣ. 20 ಲೀಟರ್ ನೀರನ್ನು 20ರಿಂದ 42 ಡಿಗ್ರಿಗೆ ಏರಿಸಲು 440 ಕಿಲೋ ಕ್ಯಾಲರಿ ಶಾಖ ಬೇಕು. ಗೀಸರಿನ ದಕ್ಷತೆ ಶೇ. 80 ಎಂದು ಹಿಡಿದರೆ ಇದಕ್ಕೆ ಸುಮಾರು 50 ಗ್ರಾಂ ಅಡುಗೆ ಅನಿಲ ಖರ್ಚಾಗುತ್ತದೆ, 14.2 ಕಿಲೋ ಸಿಲಿಂಡರಿನಲ್ಲಿ ಇಂಥ 280 ಬಕೆಟ್ ಸಿಗುತ್ತದೆ. ಕರೆಂಟಿನಲ್ಲಿ ಇದೇ ಶಾಖ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು, ಟ್ಯಾಂಕಿನಿಂದ ಸೋರುವ ಬಿಸಿಯನ್ನೂ ಸೇರಿಸಿದರೆ 0.6 ಯೂನಿಟ್ ಎಂದುಕೊಳ್ಳಬಹುದು. ಸಿಲಿಂಡರಿಗೆ 900 ರೂಪಾಯಿ, ಯೂನಿಟ್ಟಿಗೆ 6 ರೂಪಾಯಿ ಎಂದು ಉದಾಹರಣೆಗೆ ಇಟ್ಟುಕೊಂಡರೆ, ಗ್ಯಾಸಿನಲ್ಲಿ ಬಕೆಟ್ಟಿಗೆ 3 ರೂಪಾಯಿ 20 ಪೈಸೆ, ಕರೆಂಟಿನಲ್ಲಿ 3 ರೂಪಾಯಿ 60 ಪೈಸೆ. ಈಗಿನ ದರವನ್ನು ಹಾಕಿ ನೀವೇ ನೋಡಿಕೊಳ್ಳಿ. ಅಂತರ ಜನ ಅಂದುಕೊಂಡಷ್ಟು ದೊಡ್ಡದಲ್ಲ.

ನಿಜವಾದ ಅಂತರ ಬರುವುದು ಗೃಹಜ್ಯೋತಿಯಲ್ಲಿ. ನಾಲ್ಕು ಮಂದಿಯ ಮನೆಯಲ್ಲಿ ದಿನಕ್ಕೆ ನಾಲ್ಕು ಬಕೆಟ್ ಎಂದರೆ ತಿಂಗಳಿಗೆ 70 ಯೂನಿಟ್ಟಿನ ಆಸುಪಾಸು. 2023ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಮನೆಯ ಉಚಿತ ಮಿತಿಯನ್ನು 2022–23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಗೊತ್ತುಮಾಡಿದರು. ಮಿತಿ ದಾಟಿದ ಯೂನಿಟ್ಟುಗಳಿಗೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಹಿಂದೆ ಗೀಸರ್ ಇಲ್ಲದಿದ್ದ ಮನೆಗೆ ಈಗ ಕರೆಂಟ್ ಗೀಸರ್ ಬಂದರೆ ಆ 70 ಯೂನಿಟ್ ಬಹುತೇಕ ಮಿತಿಯ ಹೊರಗೇ ಬೀಳುತ್ತದೆ. ಬೆಸ್ಕಾಂ ಬಿಲ್ಲಿನ ಹಳೆಯ ಚೀಟಿಗಳನ್ನು ತೆಗೆದು ನೋಡಿ, ನಿಮ್ಮ ಬಳಕೆ 130ರ ಮೇಲಿದ್ದರೆ ಗ್ಯಾಸ್ ಅಥವಾ ಸೋಲಾರ್ ಕಡೆಗೆ ವಾಲುವುದು ಜಾಣತನ.

ಗ್ಯಾಸಿನ ಲೆಕ್ಕವನ್ನೂ ಮರೆಯಬಾರದು. ದಿನಕ್ಕೆ 200 ಗ್ರಾಂ, ತಿಂಗಳಿಗೆ 6 ಕಿಲೋ. ಸ್ನಾನಕ್ಕೇ ಒಂದು ಸಿಲಿಂಡರ್ 70 ದಿನಗಳಲ್ಲಿ ಮುಗಿಯುತ್ತದೆ. ಬುಕ್ ಮಾಡಿ ತರಿಸುವ, ಹಬ್ಬದ ಮುಂಚೆ ಖಾಲಿಯಾಗದಂತೆ ನೋಡಿಕೊಳ್ಳುವ ಜವಾಬ್ದಾರಿ ಮನೆಯಲ್ಲಿ ಒಬ್ಬರ ಮೇಲೆ ಬೀಳುತ್ತದೆ.

ಕರೆಂಟ್ ಗೀಸರ್: ಟ್ಯಾಂಕಿನದೋ ಇನ್‌ಸ್ಟಂಟೋ

ಅಟ್ಯಾಚ್ಡ್ ಬಾತ್‌ರೂಮ್ ಮಾತ್ರ ಇರುವ ಮನೆಗೆ, ಅಪಾರ್ಟ್‌ಮೆಂಟಿಗೆ, ವಯಸ್ಸಾದವರು ಒಂಟಿಯಾಗಿರುವ ಮನೆಗೆ ನಾನು ಹೇಳುವುದು ಟ್ಯಾಂಕ್ ಇರುವ ಕರೆಂಟ್ ಗೀಸರನ್ನೇ. 15 ಲೀಟರಿನದು 2 ಕಿಲೋವ್ಯಾಟಿನ ಕಾಯಿಲ್‌ನಿಂದ 20ರಿಂದ 60 ಡಿಗ್ರಿಗೆ ಬರಲು ಸುಮಾರು 21 ನಿಮಿಷ ತೆಗೆದುಕೊಳ್ಳುತ್ತದೆ. ತಣ್ಣೀರು ಬೆರೆಸಿದರೆ 27 ಲೀಟರ್ ಸ್ನಾನದ ನೀರು ಸಿಗುತ್ತದೆ. ಇಬ್ಬರಿಗೆ ಇದು ಸರಿ, ನಾಲ್ವರಿಗೆ 25 ಲೀಟರಿನದು ಬೇಕು. 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್, ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಈ ಮೂರೂ ಇಲ್ಲದೆ ಸ್ವಿಚ್ ಹಾಕಬಾರದು. ಸೇಫ್ಟಿ ವಾಲ್ವಿನಿಂದ ಕಾಯುವಾಗ ಹನಿ ಬಿದ್ದರೆ ಗಾಬರಿ ಬೇಡ. ಅದನ್ನು ಕೆಟ್ಟಿದೆಯೆಂದು ಬಿಗಿದು ಮುಚ್ಚಿಸಿದರೆ ಟ್ಯಾಂಕಿನೊಳಗಿನ ಒತ್ತಡಕ್ಕೆ ದಾರಿಯೇ ಇರುವುದಿಲ್ಲ.

ಇನ್‌ಸ್ಟಂಟ್ ಗೀಸರ್ ಅಡುಗೆಮನೆಯ ಸಿಂಕಿಗೆ ಸಾಕು, ಸ್ನಾನಕ್ಕೆ ಸಾಲದು. 3 ಕಿಲೋವ್ಯಾಟಿನದು ನಿಮಿಷಕ್ಕೆ 2 ಲೀಟರಿನಷ್ಟೇ ಬಿಸಿನೀರು ಕೊಡುತ್ತದೆ, ಒಂದು ಬಕೆಟ್ಟಿಗೆ ಹತ್ತು ನಿಮಿಷ ಕಾಯಬೇಕು.

ಸೋಲಾರ್ ಮತ್ತು ಹಂಡೆ

ಬಯಲುಸೀಮೆಯ ಬಿಸಿಲು ನಮಗೆ ಬಂದಿರುವ ದೊಡ್ಡ ಆಸ್ತಿ. ಚಳ್ಳಕೆರೆ, ಹಿರಿಯೂರು, ಜಗಳೂರಿನ ಕಡೆ ಮೋಡ ಕವಿದು ಬಿಸಿನೀರಿಲ್ಲದ ದಿನಗಳು ಕಡಿಮೆ. ಹೊನ್ನಾಳಿ, ಚನ್ನಗಿರಿ ಕಡೆಯವರು ಮಳೆಗಾಲಕ್ಕೆ ಇನ್ನೊಂದು ವ್ಯವಸ್ಥೆ ಇಟ್ಟುಕೊಂಡಿರಬೇಕು. ಸ್ವಂತ ತಾರಸಿ ಇದ್ದವರು, ಮೊದಲ ಖರ್ಚನ್ನು ತಡೆದುಕೊಳ್ಳುವ ಶಕ್ತಿಯುಳ್ಳವರು ಸೋಲಾರ್ ಹಾಕಿಸಿ, ದಕ್ಷಿಣಕ್ಕೆ ಮುಖ ಮಾಡಿ ಕೂರಿಸಿ. ಅದರ ಕೊರತೆಯೆಂದರೆ ಪೈಪಿನಲ್ಲಿ ನಿಂತ ತಣ್ಣೀರು. ತಾರಸಿಯಿಂದ ಬಚ್ಚಲಿಗೆ 15 ಮೀಟರ್ ಮುಕ್ಕಾಲು ಇಂಚಿನ ಪೈಪಿದ್ದರೆ, ಬೆಳಿಗ್ಗೆ ಮೊದಲಿಗೆ ನಾಲ್ಕೈದು ಲೀಟರ್ ತಣ್ಣೀರು ಹರಿದ ಮೇಲಷ್ಟೇ ಬಿಸಿನೀರು ಬರುತ್ತದೆ. ನೀರಿಗೆ ಟ್ಯಾಂಕರ್ ತರಿಸುವ ಬಡಾವಣೆಗಳಲ್ಲಿ ಅದನ್ನು ಚರಂಡಿಗೆ ಬಿಡುವುದು ಸರಿಯಲ್ಲ, ಇನ್ನೊಂದು ಬಕೆಟ್ಟಿನಲ್ಲಿ ಹಿಡಿದಿಡಿ.

ಹಳ್ಳಿಗಳಲ್ಲಿ ತೆಂಗಿನ ಕರಟ, ಅಡಿಕೆ ಸಿಪ್ಪೆ, ಮೆಕ್ಕೆಜೋಳದ ಬೆಂಡು ದಂಡಿಯಾಗಿ ಸಿಗುವ ಮನೆಗಳಲ್ಲಿ ಹಂಡೆಯ ಒಲೆಯನ್ನು ಕಿತ್ತುಹಾಕುವ ಅವಸರ ಬೇಡ. ನೀರು ತುಂಬುವ ಹಬ್ಬಕ್ಕೂ ಅದು ಬೇಕು. ಆದರೆ ಒಲೆಯ ಹೊಗೆಗೂ ಗೀಸರಿಗೆ ಹೇಳಿದ ಮಾತೇ ಅನ್ವಯಿಸುತ್ತದೆ: ಉರಿ ಬಚ್ಚಲ ಹೊರಗಿರಬೇಕು, ಇಲ್ಲವೇ ಚಿಮಣಿ ತಾರಸಿ ದಾಟಿ ಹೋಗಿರಬೇಕು.

ಬೋರ್ ನೀರು ಯಾವ ಗೀಸರನ್ನೂ ಬಿಡುವುದಿಲ್ಲ

ದಾವಣಗೆರೆ ನಗರಕ್ಕೆ ತುಂಗಭದ್ರೆಯ ಮತ್ತು ಭದ್ರಾ ನಾಲೆಯ ನೀರು, ಚಿತ್ರದುರ್ಗಕ್ಕೆ ಸೂಳೆಕೆರೆಯ ಮತ್ತು ವಾಣಿವಿಲಾಸ ಸಾಗರದ ನೀರು ಬರುತ್ತದಾದರೂ, ಎಷ್ಟೋ ಮನೆಗಳಲ್ಲಿ ಬಳಕೆಗೆ ತಾರಸಿಯ ಟ್ಯಾಂಕಿಗೆ ಏರುವುದು ಬೋರಿನ ಗಡಸು ನೀರೇ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯಿಲ್ಲದಿದ್ದರೆ 600ರವರೆಗೆ ಎಂಬುದು ಭಾರತೀಯ ಮಾನಕ. ಗಡಸು ನೀರು ಬಿಸಿಯಾದಂತೆ ಅದರಲ್ಲಿ ಕರಗಿದ್ದ ಸುಣ್ಣ ಹೊರಬಂದು ಅಂಟಿಕೊಳ್ಳುತ್ತದೆ. ರಿಪೇರಿಗೆಂದು ಬಿಚ್ಚಿದ ಕರೆಂಟ್ ಗೀಸರಿನ ಕಾಯಿಲನ್ನು ಕೈಯಲ್ಲಿ ಹಿಡಿದು ನೋಡಿ: ತಾಮ್ರದ ಬಣ್ಣವೇ ಕಾಣದಂತೆ ಬೂದುಬಿಳಿಯ ಪೊರೆ ಗಂಟುಗಂಟಾಗಿ ಕಟ್ಟಿರುತ್ತದೆ, ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ, ತಟ್ಟಿದರೆ ಚಕ್ಕೆ ಏಳುತ್ತದೆ. ಕರೆಂಟು ಮೊದಲು ಆ ಪೊರೆಯನ್ನು ಕಾಯಿಸಿ ಆಮೇಲೆ ನೀರನ್ನು ಕಾಯಿಸಬೇಕು.

ಹಾಗಾಗಿ ಬೋರ್ ನೀರಿನ ಮನೆಯಲ್ಲಿ ಥರ್ಮೋಸ್ಟಾಟನ್ನು 55ಕ್ಕೆ ಇಳಿಸಿಡಿ, ವರ್ಷಕ್ಕೊಮ್ಮೆ ಟ್ಯಾಂಕ್ ಬಿಚ್ಚಿಸಿ ತೊಳೆಸಿ, ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಒಳಗಿಟ್ಟ ಮೆಗ್ನೀಸಿಯಂ ಸರಳು ಸವೆದಿದ್ದರೆ ಬದಲಾಯಿಸಿ. ಸೋಲಾರಿನಲ್ಲಿ ಸಣ್ಣ ತಾಮ್ರದ ಕೊಳವೆಗಳಿರುವ ಚಪ್ಪಟೆ ಫಲಕ ಬೇಗ ಕಟ್ಟಿಕೊಳ್ಳುತ್ತದೆ. ಗಾಜಿನ ನಳಿಕೆಯದು ತೊಳೆಯಲು ಸುಲಭ. ಗ್ಯಾಸ್ ಗೀಸರಿನಲ್ಲಿ ಬಿಸಿನೀರಿನ ಧಾರೆ ದಿನದಿಂದ ದಿನಕ್ಕೆ ಸಣ್ಣದಾದರೆ, ಒಳಗೆ ಗೊರಗೊರ ಸದ್ದು ಬಂದರೆ ತಾಮ್ರದ ಸುರುಳಿಯಲ್ಲಿ ಸುಣ್ಣ ಕಟ್ಟಿದೆಯೆಂದು ತಿಳಿಯಬೇಕು. ನಿಂಬೆ ಉಪ್ಪಿನ ದ್ರಾವಣ ಹಾಯಿಸಿ ತೊಳೆಯುವ ಮೆಕ್ಯಾನಿಕ್‌ನನ್ನು ಕರೆಸಿ. ಅಗ್ಗವೆಂದು ಬಚ್ಚಲು ತೊಳೆಯುವ ಆಸಿಡ್ ಹಾಕಿಸಿದರೆ ಸುಣ್ಣದ ಜೊತೆ ತಾಮ್ರವೂ ಹೋಗುತ್ತದೆ.

ಗ್ಯಾಸ್ ಗೀಸರನ್ನು ತಂದ ಮೇಲೆ

ಮೊದಲ ಸಲ ಹೊತ್ತಿಸುವಾಗ ಪೈಪಿನೊಳಗೆ ಗಾಳಿ ಇರುವುದರಿಂದ ಕಿಡಿ ಹಾರಿದರೂ ಹೊತ್ತದಿರಬಹುದು. ಎರಡು ಮೂರು ಸಲ ನೋಡಿ, ಆಗದಿದ್ದರೆ ನೀರನ್ನು ನಿಲ್ಲಿಸಿ ಐದು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ. ಹಾಗೆಯೇ ಒತ್ತುತ್ತಿದ್ದರೆ ಕೂಡಿಕೊಂಡ ಅನಿಲ ಒಮ್ಮೆಲೇ ಭುಗಿಲೆನ್ನುತ್ತದೆ. ಉರಿ ನೀಲಿಯಾಗಿ, ನೆಟ್ಟಗೆ ಇರಬೇಕು. ತುದಿ ಹಳದಿಯಾದರೆ, ಗೀಸರಿನ ಮೇಲ್ಭಾಗದಲ್ಲಿ ಮಸಿ ಕಂಡರೆ ಅದು ಬರ್ನರಿನಲ್ಲಿ ಧೂಳು ಅಥವಾ ಜೇಡರ ಬಲೆ ಕೂತಿರುವ ಗುರುತು, ಅಂದೇ ಬಳಕೆ ನಿಲ್ಲಿಸಿ ಸರ್ವೀಸ್ ಮಾಡಿಸಿ. ನೀರು ಒಳಹೋಗುವ ಕಡೆಯ ಸಣ್ಣ ಜಾಲರಿಯನ್ನು ಎರಡು ತಿಂಗಳಿಗೊಮ್ಮೆ ಬಿಚ್ಚಿ ತೊಳೆಯಿರಿ, ಬೋರಿನ ಮರಳು ಅಲ್ಲಿಯೇ ನಿಲ್ಲುತ್ತದೆ. ಸೆಲ್ಲು ಮುಗಿಯುವ ಮುನ್ನ ಕಿಡಿಯ ಸದ್ದು ನಿಧಾನವಾಗುತ್ತದೆ. ಎರಡನ್ನೂ ಒಟ್ಟಿಗೆ ಬದಲಾಯಿಸಿ. ಜೋಡಣೆಗಳಿಗೆ ತಿಂಗಳಿಗೊಮ್ಮೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ, ಕಡ್ಡಿ ಗೀರಿ ಎಂದೂ ನೋಡಬೇಡಿ. ಎಲ್ಲರ ಸ್ನಾನ ಮುಗಿದ ಮೇಲೆ ರೆಗ್ಯುಲೇಟರ್ ಬಂದ್ ಮಾಡಿ. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಬಾಗಿಲು ಕಿಟಕಿ ತೆರೆದು ಹೊರಬಂದು 1906ಕ್ಕೆ ಕರೆ ಮಾಡಿ.

ಬಾಡಿಗೆ ಮನೆಗಳಲ್ಲಿ, ವಿಶೇಷವಾಗಿ ದಾವಣಗೆರೆಯ ಕಾಲೇಜುಗಳ ಸುತ್ತ ವಿದ್ಯಾರ್ಥಿಗಳು ಇರುವ ರೂಮುಗಳಲ್ಲಿ, ಗ್ಯಾಸ್ ಗೀಸರ್ ಈಗಾಗಲೇ ಬಚ್ಚಲ ಒಳಗೇ ಇದ್ದರೆ ಅದನ್ನು ಹೊರಗೆ ಹಾಕಿಸಿಕೊಡುವಂತೆ ಮನೆ ಮಾಲೀಕರನ್ನು ಒತ್ತಾಯಿಸಿ ಕೇಳಿ. ಅದಾಗುವವರೆಗೆ ಬಾಗಿಲು ಪೂರ್ತಿ ತೆರೆದಿಟ್ಟು ಬಕೆಟ್ ತುಂಬಿಸಿಕೊಳ್ಳಿ, ಗೀಸರ್ ಆರಿಸಿ, ರೆಗ್ಯುಲೇಟರ್ ಮುಚ್ಚಿ, ಐದು ನಿಮಿಷ ಬಿಟ್ಟು ಒಳಗೆ ಹೋಗಿ. ಗೀಸರ್ ಉರಿಯುತ್ತಿರುವಾಗ ಷವರ್ ಕೆಳಗೆ ನಿಲ್ಲಬೇಡಿ, ಮಕ್ಕಳನ್ನು ಒಂಟಿಯಾಗಿ ಒಳಗೆ ಬಿಡಬೇಡಿ, ಚಿಲಕ ಹಾಕಬೇಡಿ. ಒಳಗಿರುವವರು ಕೂಗಿದರೆ ಓಗೊಡದಿದ್ದಾಗ ಮೊದಲು ಬಾಗಿಲು ಒಡೆದು ಅವರನ್ನು ತೆರೆದ ಗಾಳಿಗೆ ತನ್ನಿ, ಗ್ಯಾಸ್ ನಿಲ್ಲಿಸಿ, 108ಕ್ಕೆ ಕರೆ ಮಾಡಿ. ಅವರು ಎಚ್ಚರಗೊಂಡು ಈಗ ಸರಿಯಾಗಿದ್ದೇನೆ ಎಂದರೂ ಆಸ್ಪತ್ರೆಗೆ ಕರೆದೊಯ್ದು, ಗ್ಯಾಸ್ ಗೀಸರ್ ಉರಿಯುತ್ತಿತ್ತು ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ, ಏಕೆಂದರೆ ಅವರಿಗೆ ಆಮ್ಲಜನಕ ಕೊಡುವ ಚಿಕಿತ್ಸೆ ತಡವಿಲ್ಲದೆ ಆರಂಭವಾಗಬೇಕು.